ಪ್ಲೇಆಫ್‌ಗೆ ಮುಂಚೆ ಓಹಾಯೋ ಸ್ಟೇಟ್ ಆಫೆನ್ಸಿವ್ ಲೈನ್: ಚಿಂತೆ ಎಡ ಟ್ಯಾಕಲ್‌ದಲ್ಲ, ನಡುವಿನ ಮೂವರದು

ಮೂರನೇ_ಡೌನ್ (ಕೊಲಂಬಸ್) · 15 ಡಿಸೆಂಬರ್ 2024

ಬರುವ ಶನಿವಾರ, 21ರ ರಾತ್ರಿ 8 ಗಂಟೆಗೆ ಅಮೆರಿಕನ್ ಕಾಲೇಜ್ ಫುಟ್‌ಬಾಲ್‌ನ ಪ್ಲೇಆಫ್ (ಚಾಂಪಿಯನ್ ಆರಿಸುವ ನಾಕೌಟ್ ಸುತ್ತು) ಆಡಲು ಟೆನೆಸಿ ನಮ್ಮ ಊರಿಗೆ ಬರುತ್ತಿದೆ. 12 ತಂಡಗಳ ಪ್ಲೇಆಫ್ ನಡೆಯುತ್ತಿರುವುದು ಇದೇ ಮೊದಲ ವರ್ಷ. ನಾವು 8ನೇ ಸೀಡ್ (ಶ್ರೇಯಾಂಕ), ಅವರು 9. ಗೆದ್ದರೆ ಜನವರಿ 1ಕ್ಕೆ ರೋಸ್ ಬೌಲ್‌ನಲ್ಲಿ ಒರೆಗಾನ್ ಕಾಯುತ್ತಿದೆ. ಸೋತರೆ ಇಲ್ಲಿಗೇ ಮುಗಿಯಿತು.

ಪಾಸ್ ಹಿಡಿಯುವ ಜೆರೆಮಯಾ ಸ್ಮಿತ್, ಎಗ್ಬುಕಾ, ಟೇಟ್ ಬಗ್ಗೆ ಎಲ್ಲರೂ ಬರೆದಾಯಿತು. ನನಗೆ ಆಫೆನ್ಸಿವ್ ಲೈನ್‌ನ ಆ ಐದು ಜನ ದಪ್ಪ ಹುಡುಗರ ಬಗ್ಗೆ ಮಾತಾಡಬೇಕು, ಅಂದರೆ ಮುಂದೆ ನಿಂತು ಓಟಗಾರನಿಗೆ ದಾರಿ ಮಾಡುವ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು. ನವೆಂಬರ್ 30ರಂದು ಮಿಷಿಗನ್ ನಮ್ಮನ್ನು 13-10ಕ್ಕೆ ಸೋಲಿಸಿತಲ್ಲ, ಅವತ್ತು 26 ಸಲ ಓಡಿ ನಾವು ಗಳಿಸಿದ್ದು 77 ಯಾರ್ಡ್. ಸಲಕ್ಕೆ ಮೂರು ಯಾರ್ಡೂ ಬರಲಿಲ್ಲ. ಹೆಂಡರ್ಸನ್, ಜಡ್ಕಿನ್ಸ್ ಅಂಥ ಓಟಗಾರರಿಬ್ಬರನ್ನೂ ಇಟ್ಟುಕೊಂಡು ಈ ಗತಿ.

ಹಿಂದಿನಿಂದ ಬರೋಣ. ಸೀಸನ್‌ಗೆ ಅಂತ ಯೋಚಿಸಿದ್ದ ಲೈನ್ ಎಡದಿಂದ ಬಲಕ್ಕೆ ಹೀಗಿತ್ತು: ಜಾಶ್ ಸಿಮನ್ಸ್ (ಎಡ ಟ್ಯಾಕಲ್), ಡೊನೊವನ್ ಜಾಕ್ಸನ್ (ಎಡ ಗಾರ್ಡ್), ಸೆತ್ ಮೆಕ್ಲಾಫ್ಲಿನ್ (ಸೆಂಟರ್), ಟೆಗ್ರಾ ಶಬೋಲಾ (ಬಲ ಗಾರ್ಡ್), ಜಾಶ್ ಫ್ರೈಯರ್ (ಬಲ ಟ್ಯಾಕಲ್). ಶುರುವಿನಲ್ಲಿ ಜಾಕ್ಸನ್ ಪೆಟ್ಟಾಗಿ ಹೊರಗಿದ್ದ. ಅವನು ವಾಪಸ್ ಬಂದ ಮೇಲೆ ಐವರೂ ಚೆನ್ನಾಗಿ ಕೂಡಿಕೊಂಡರು. ಆಮೇಲೆ ಅಕ್ಟೋಬರ್ 12ಕ್ಕೆ ಯುಜೀನ್‌ನಲ್ಲಿ ಒರೆಗಾನ್ ಎದುರು ಸಿಮನ್ಸ್ ಮಂಡಿ ಹೋಯಿತು. ಆ ಆಟವನ್ನು 32-31ಕ್ಕೆ ಸೋತೆವು. ನವೆಂಬರ್‌ನಲ್ಲಿ ಇಂಡಿಯಾನಾ ಆಟದ ವಾರ ಮೆಕ್ಲಾಫ್ಲಿನ್‌ಗೆ ಪ್ರಾಕ್ಟೀಸ್‌ನಲ್ಲಿ ಹಿಮ್ಮಡಿಯ ನರ ಹರಿಯಿತು. ಈ ವರ್ಷದ ಅತ್ಯುತ್ತಮ ಸೆಂಟರ್‌ಗೆ ಕೊಡುವ ರಿಮಿಂಗ್ಟನ್ ಟ್ರೋಫಿ ಅವನಿಗೇ ಬಂದಿದೆ. ಅಷ್ಟು ಒಳ್ಳೆಯವನನ್ನು ಕಳೆದುಕೊಂಡಿದ್ದೇವೆ.

ಈಗ ಜಾಕ್ಸನ್ ಎಡ ಟ್ಯಾಕಲ್. ಕಾರ್ಸನ್ ಹಿಂಜ್‌ಮನ್ ಸೆಂಟರ್. ಬಲ ತುದಿಯಲ್ಲಿ ಫ್ರೈಯರ್. ಗಾರ್ಡ್ ಜಾಗಗಳಿಗೆ ಶಬೋಲಾ, ಲ್ಯೂಕ್ ಮಾಂಟ್ಗೊಮರಿ, ಆಸ್ಟಿನ್ ಸೀರ್‌ವೆಲ್ಡ್ ಇದ್ದಾರೆ.

ಎಲ್ಲರೂ ಎಡ ಟ್ಯಾಕಲ್ ಬಗ್ಗೆಯೇ ಹೆದರುತ್ತಾರೆ. ಕ್ವಾರ್ಟರ್‌ಬ್ಯಾಕ್ ಬೆನ್ನ ಹಿಂದಿನ ಕಡೆ ಅದು, ಹೆದರಿಕೆ ಸಹಜ. ಆದರೆ ಜಾಕ್ಸನ್ ಆ ಜಾಗದಲ್ಲಿ ನಿಂತಿದ್ದಾನೆ. ಅವನು ಅಲ್ಲಿ ಮೊದಲ ಸಲ ಶುರುವಿನಿಂದ ಆಡಿದ್ದು ನವೆಂಬರ್ 2ಕ್ಕೆ, ಪೆನ್ ಸ್ಟೇಟ್ ಅಂಗಳದಲ್ಲಿ, ಎದುರಿಗೆ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಅಬ್ದುಲ್ ಕಾರ್ಟರ್. ಅದಕ್ಕಿಂತ ಕಷ್ಟದ ಪರೀಕ್ಷೆ ಬೇಕಾ? ಅವತ್ತು 20-13ಕ್ಕೆ ಗೆದ್ದೆವು. ಕೊನೆಯ ಸರಣಿ ನೆನಪಿದೆಯಾ? ನಮ್ಮದೇ 1 ಯಾರ್ಡ್ ಗೆರೆಯಲ್ಲಿ ಚೆಂಡು ಸಿಕ್ಕಿತು, ಗಡಿಯಾರದಲ್ಲಿ 5 ನಿಮಿಷ 13 ಸೆಕೆಂಡ್ ಬಾಕಿ. ಒಂದೂ ಪಾಸ್ ಎಸೆಯದೆ, ಬರೀ ಓಡಿ ಓಡಿ ಗಡಿಯಾರ ಮುಗಿಸಿದರು. ಎದುರಾಳಿಗೆ ಓಟವೇ ಬರುತ್ತದೆ ಅಂತ ಗೊತ್ತಿತ್ತು. ಆದರೂ ತಡೆಯಲಾಗಲಿಲ್ಲ.

ಅವತ್ತು ಎಡ ಗಾರ್ಡ್ ಹಿಂಜ್‌ಮನ್, ಸೆಂಟರ್ ಮೆಕ್ಲಾಫ್ಲಿನ್. ಅಂದರೆ ಸಿಮನ್ಸ್ ಇಲ್ಲದೆಯೂ ಈ ಲೈನ್ ನಡೆದಿದೆ. ಮೆಕ್ಲಾಫ್ಲಿನ್ ಹೋದ ಮೇಲೆ ಕೆಟ್ಟದ್ದು ನಡು. ಈಗಿನ ನಡು ಒಟ್ಟಿಗೆ ಆಡಿರುವುದು ಎರಡೇ ಆಟ, ಇಂಡಿಯಾನಾ ಮತ್ತು ಮಿಷಿಗನ್. ಒಂದರಲ್ಲಿ 38-15ಕ್ಕೆ ಗೆದ್ದೆವು, ಇನ್ನೊಂದರಲ್ಲಿ ಗೋಡೆಗೆ ತಲೆ ಹೊಡೆದುಕೊಂಡೆವು.

ನನ್ನ ಮಾತು ಇಷ್ಟು. ಈ ಹುಡುಗರು ಕೆಟ್ಟವರಲ್ಲ. ಒಟ್ಟಿಗೆ ಕಳೆದ ಸಮಯ ಕಡಿಮೆ, ಅಷ್ಟೇ. ಮಿಷಿಗನ್ ಆಟದಿಂದ ಟೆನೆಸಿ ಆಟಕ್ಕೆ ಮೂರು ವಾರ ಇದೆ. ಅದು ನಮಗೆ ಸಿಕ್ಕಿರುವ ದೊಡ್ಡ ವರ. ಓಟವೋ ಪಾಸೋ ಅಂತ ಕರೆ ಕೊಡುವ ಕೋಚ್‌ಗಳು ಅದನ್ನು ಹಾಳು ಮಾಡದಿದ್ದರೆ ಸಾಕು. ನೀವೇನು ಹೇಳುತ್ತೀರಿ?

ಡಬ್ಲಿನ್_ದೀಪಾ (ಓಹಾಯೋ) · 15 ಡಿಸೆಂಬರ್

ಸಮಯ ಸಿಕ್ಕರೆ ಸರಿಹೋಗುತ್ತದೆ ಅನ್ನುವ ಮಾತು ನನಗೆ ಒಪ್ಪಿಗೆ ಆಗುತ್ತಿಲ್ಲ. ಅಕ್ಟೋಬರ್ 26ರ ನೆಬ್ರಾಸ್ಕಾ ಆಟ ನೋಡಿ. ಒರೆಗಾನ್ ಆದ ಮೇಲೆ ನಮಗೆ ಒಂದು ವಾರ ಬಿಡುವಿತ್ತು. ಅಂದರೆ ಆ ಲೈನ್ ಸರಿಮಾಡಿಕೊಳ್ಳಲು ಎರಡು ವಾರ ಇತ್ತು. ಆದದ್ದೇನು? 31 ಓಟ, 64 ಯಾರ್ಡ್. ಎಡ ಟ್ಯಾಕಲ್‌ನಲ್ಲಿ ಜೆನ್ ಮಿಖಾಲ್ಸ್ಕಿ ಒದ್ದಾಡಿದ. ಕೊನೆಗೆ ಅವನಿಗೂ ಪೆಟ್ಟಾಯಿತು, ಜಾಕ್ಸನ್ ಆಟದ ನಡುವೆಯೇ ಹೊರಗೆ ಸರಿಯಬೇಕಾಯಿತು. ನಮ್ಮ ಮನೆಯಂಗಳದಲ್ಲೇ 21-17ಕ್ಕೆ ಕಷ್ಟಪಟ್ಟು ಗೆದ್ದೆವು.

ಅವತ್ತು ಒಳಗೂ ಟೈ ರಾಬಿನ್ಸನ್, ನ್ಯಾಶ್ ಹಟ್‌ಮಾಕರ್ ಇಬ್ಬರೂ ನಮ್ಮವರನ್ನು ತಳ್ಳಿಕೊಂಡು ಬಂದರು. ಆಗ ಮೆಕ್ಲಾಫ್ಲಿನ್ ಇದ್ದ, ಜಾಕ್ಸನ್ ತನ್ನ ಹಳೇ ಜಾಗದಲ್ಲೇ ಇದ್ದ. ಹಾಗಾದರೆ ಎಲ್ಲವನ್ನೂ "ಹೊಸ ನಡು" ಮೇಲೆ ಹೇಗೆ ಹಾಕುವುದು? ನನ್ನ ಪ್ರಕಾರ ಈ ವರ್ಷ ಇವರು ಬಲವಾದ ಡಿಫೆನ್ಸಿವ್ ಟ್ಯಾಕಲ್ (ಎದುರಾಳಿ ಲೈನ್‌ನ ನಡುವೆ ನಿಲ್ಲುವವರು) ಜೋಡಿ ಸಿಕ್ಕಾಗೆಲ್ಲ ಸಿಕ್ಕಿಬೀಳುತ್ತಾರೆ. ನೆಬ್ರಾಸ್ಕಾದಲ್ಲಿ ಒಂದು ಜೋಡಿ, ಮಿಷಿಗನ್‌ನಲ್ಲಿ ಇನ್ನೊಂದು. ಟೆನೆಸಿ ಹತ್ತಿರ ಜೋಡಿ ಅಲ್ಲ, ಇಡೀ ಗುಂಪೇ ಇದೆ.

ಮೂರನೇ_ಡೌನ್ · 15 ಡಿಸೆಂಬರ್

ದೀಪಾ ಅವರೇ, ನೆಬ್ರಾಸ್ಕಾ ಉದಾಹರಣೆ ಗಟ್ಟಿಯಾದದ್ದು. ಆದರೆ ಅದು ಬೇರೆ ರೋಗ. ಅವತ್ತು ಎಡ ತುದಿಯಲ್ಲಿ ಹೊಸಬ ಇದ್ದದ್ದರಿಂದ ಜಾಕ್ಸನ್ ಕಣ್ಣು ಯಾವಾಗಲೂ ಆ ಕಡೆಗೇ ಇರುತ್ತಿತ್ತು. ಸಹಾಯ ಹೊರಕ್ಕೆ ಹೋದಾಗ ಒಳಗೆ ಸೆಂಟರ್ ಒಂಟಿಯಾಗುತ್ತಾನೆ. ಜಾಗ ಬದಲಾದದ್ದು ಒಂದು, ನೀರು ಸೋರಿದ್ದು ಇನ್ನೊಂದು ಕಡೆ. ಜಾಕ್ಸನ್‌ನನ್ನೇ ಹೊರಗೆ ಹಾಕಿದ ಮುಂದಿನ ವಾರವೇ ಪೆನ್ ಸ್ಟೇಟ್‌ನಲ್ಲಿ ಅದು ನಿಂತಿತಲ್ಲ. ಆ ನಿರ್ಧಾರಕ್ಕೆ ಲೈನ್ ಕೋಚ್ ಜಸ್ಟಿನ್ ಫ್ರೈ ಅವರನ್ನು ಮೆಚ್ಚಲೇಬೇಕು. ಅತ್ಯುತ್ತಮ ಗಾರ್ಡ್‌ನನ್ನು ಸೀಸನ್ ನಡುವೆ ಟ್ಯಾಕಲ್ ಮಾಡುವುದು ಸುಮ್ನೆ ಅಲ್ಲ.

ದಾವಣಗೆರೆ_ಅಪ್ಪ · 16 ಡಿಸೆಂಬರ್

ನಮಸ್ಕಾರ. ಮಗಳು ಓಹಾಯೋ ಸ್ಟೇಟ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳಿಂದಾಗಿ ಈ ಆಟ ನೋಡಲು ಶುರು ಮಾಡಿದೆ. ಇಲ್ಲಿ ಭಾನುವಾರ ಬೆಳಿಗ್ಗೆ 6:30ಕ್ಕೆ ಶುರುವಾಗುತ್ತದೆ, ಎದ್ದು ನೋಡುತ್ತೇನೆ. ನನ್ನ ಕಷ್ಟ ಏನೆಂದರೆ ಚೆಂಡು ಹೋದ ಕಡೆಗೇ ಕಣ್ಣು ಹೋಗುತ್ತದೆ. ಈ ಐದು ಜನ ಒಳ್ಳೆಯ ಕೆಲಸ ಮಾಡಿದರೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಇವರಿಗೆ ಅಂಕವೂ ಇಲ್ಲ, ಲೆಕ್ಕವೂ ಇಲ್ಲ.

ಲೈನ್_ಪ್ರೇಮಿ (ಕ್ಲೀವ್‌ಲ್ಯಾಂಡ್) · 16 ಡಿಸೆಂಬರ್

ಅಪ್ಪ ಅವರೇ, ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನೀವು ಕಬಡ್ಡಿ ನೋಡಿರುತ್ತೀರಿ. ಕಾರ್ನರ್ ಮತ್ತು ಅವನ ಪಕ್ಕದವನು ಕೈ ಹಿಡಿದು ಸರಪಳಿ ಮಾಡುತ್ತಾರೆ. ಇಬ್ಬರಲ್ಲಿ ಒಬ್ಬ ಅರೆಕ್ಷಣ ಮೊದಲು ನುಗ್ಗಿದರೆ ರೈಡರ್ ಆ ಸಂದಿನಲ್ಲೇ ಜಾರಿಕೊಳ್ಳುತ್ತಾನೆ. ಇಬ್ಬರೂ ಶಕ್ತಿವಂತರೇ ಆಗಿರಬಹುದು, ಹೊಂದಾಣಿಕೆ ಇಲ್ಲದಿದ್ದರೆ ಶಕ್ತಿ ದಂಡ. ಆಫೆನ್ಸಿವ್ ಲೈನ್ ಕೂಡ ಹಾಗೇ.

ಈಗ ಒಂದು ಒಳ ಓಟ ತೆಗೆದುಕೊಳ್ಳಿ. ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟ (ಇದೇ ಸ್ನ್ಯಾಪ್) ಕೂಡಲೇ ಅವನೂ ಪಕ್ಕದ ಗಾರ್ಡ್ ಕೂಡ ಸೇರಿ ಎದುರಿನ ದೊಡ್ಡ ಟ್ಯಾಕಲ್‌ನನ್ನು ತಳ್ಳಬೇಕು. ಸೊಂಟಕ್ಕೆ ಸೊಂಟ ತಾಗಿರಬೇಕು. ನಡುವೆ ಬೆಳಕು ಕಾಣಬಾರದು. ಒಂದೆರಡು ಹೆಜ್ಜೆ ತಳ್ಳಿದ ಮೇಲೆ ಇಬ್ಬರಲ್ಲಿ ಒಬ್ಬ ಬಿಟ್ಟು ಮುಂದೆ ಹೋಗಿ ಎದುರಾಳಿ ಲೈನ್‌ನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ನನ್ನು ಹಿಡಿಯಬೇಕು. ಯಾರು ಬಿಡಬೇಕು? ಅದು ಮೊದಲೇ ತೀರ್ಮಾನ ಆಗಿರುವುದಿಲ್ಲ. ಲೈನ್‌ಬ್ಯಾಕರ್ ಯಾವ ಕಡೆ ಬಂದನೋ ಆ ಕಡೆಯವನು ಬಿಡಬೇಕು. ಮಾತಾಡಲು ಸಮಯ ಇಲ್ಲ. ಪಕ್ಕದವನ ಭುಜದ ಭಾರ ಹೇಗೆ ಬದಲಾಯಿತು ಅನ್ನುವುದರ ಮೇಲೆ ತಿಳಿಯಬೇಕು.

ಬೇಗ ಬಿಟ್ಟರೆ ದೊಡ್ಡ ಟ್ಯಾಕಲ್ ಇಬ್ಬರ ಮಧ್ಯೆ ಸೀಳಿಕೊಂಡು ಬರುತ್ತಾನೆ. ತಡವಾಗಿ ಬಿಟ್ಟರೆ ಲೈನ್‌ಬ್ಯಾಕರ್ ಬಂದು ಓಟಗಾರನನ್ನು ಗೆರೆಯಲ್ಲೇ ಹಿಡಿಯುತ್ತಾನೆ. ಮಿಷಿಗನ್ ಆಟದ ಮರುಪ್ರಸಾರ ಇಟ್ಟು ಬರೀ 78 ಮತ್ತು 55 ನಂಬರ್‌ನವರನ್ನು ನೋಡಿ, ಅಂದರೆ ಕೆನೆತ್ ಗ್ರಾಂಟ್ ಮತ್ತು ಮೇಸನ್ ಗ್ರಹಾಂ. ಇಬ್ಬರು ಸೇರಿ ತಳ್ಳಿದರೂ ಹಿಂದೆ ಸರಿಯಲಿಲ್ಲ. ನಮ್ಮವರು ಅವರನ್ನು ಬಿಟ್ಟು ಮುಂದೆ ಹೋಗಲು ಹೆದರಿದರು. ಅದರಿಂದ ಲೈನ್‌ಬ್ಯಾಕರ್‌ಗಳು ಆರಾಮಾಗಿ ಉಳಿದುಕೊಂಡರು.

ನಿಮಗೆ ಒಂದು ಸುಲಭ ದಾರಿ. ಚೆಂಡು ಬಿಡಿ, ಸೆಂಟರ್ ಹೆಲ್ಮೆಟ್ ನೋಡಿ. ಸ್ನ್ಯಾಪ್ ಆದ ಒಂದು ಸೆಕೆಂಡಿಗೆ ಅದು ಗೆರೆಯ ಆಚೆ ಇದೆಯಾ, ಈಚೆ ಇದೆಯಾ? ಆಚೆ ಇದ್ದರೆ ಆ ಓಟ ಏನೂ ಇಲ್ಲವೆಂದರೂ ನಾಲ್ಕು ಯಾರ್ಡ್ ಹೋಗುತ್ತದೆ.

ಮೂರನೇ_ಡೌನ್ · 16 ಡಿಸೆಂಬರ್

ಲೈನ್_ಪ್ರೇಮಿ, 78 ನಂಬರ್ ಇಟ್ಟುಕೊಂಡು ಗ್ರಾಂಟ್ ನೋಡಿ ಅಂದರೆ ಅವರು ಎಷ್ಟು ಹೊತ್ತು ಹುಡುಕುತ್ತಾರೋ. ಗ್ರಾಂಟ್ 78, ಗ್ರಹಾಂ 55, ಇಬ್ಬರೂ ಒಂದೇ ಕಡೆ ನಿಲ್ಲುವುದಿಲ್ಲ, ಜಾಗ ಬದಲಿಸುತ್ತಾರೆ. ಮೊದಲು ಸೆಂಟರ್ ನೋಡಲು ಕಲಿತರೆ ಉಳಿದದ್ದು ತಾನಾಗಿ ಕಾಣುತ್ತದೆ. ಹೆಲ್ಮೆಟ್ ಲೆಕ್ಕ ತುಂಬಾ ಚೆನ್ನಾಗಿದೆ.

ನೀಲಿ_ಹಳದಿ (ಆನ್ ಆರ್ಬರ್) · 16 ಡಿಸೆಂಬರ್

ಮಿಷಿಗನ್ ಕಡೆಯವನು, ಆದರೂ ಬರೆಯುತ್ತೇನೆ. ಲೈನ್ ಆಟ ಇಷ್ಟಪಡುವವರು ಎಲ್ಲಿದ್ದರೂ ನನ್ನವರೇ.

ಕಳೆದ ವರ್ಷ ನಮ್ಮ ಕಥೆ ನೆನಪಿಸಿಕೊಳ್ಳಿ. 2023ರ ನವೆಂಬರ್ 25, ನಿಮ್ಮ ಎದುರಿಗೇ ನಮ್ಮ ಬಲ ಗಾರ್ಡ್ ಜ್ಯಾಕ್ ಜಿಂಟರ್ ಕಾಲು ಮುರಿಯಿತು. ತಂಡದ ಕ್ಯಾಪ್ಟನ್ ಅವನು. ಇಡೀ ಸ್ಟೇಡಿಯಂ ಮೌನವಾಯಿತು. ಕಾರ್ಸನ್ ಬಾರ್ನ್‌ಹಾರ್ಟ್‌ನನ್ನು ಟ್ಯಾಕಲ್‌ನಿಂದ ಗಾರ್ಡ್‌ಗೆ ಸರಿಸಿದರು, ಟ್ರೆಂಟ್ ಜೋನ್ಸ್ ಬಲ ಟ್ಯಾಕಲ್‌ಗೆ ಬಂದ. ಅದರ ಮರುಸ್ನ್ಯಾಪ್‌ನಲ್ಲೇ ಬ್ಲೇಕ್ ಕೋರಮ್ 22 ಯಾರ್ಡ್ ಓಡಿ ಟಚ್‌ಡೌನ್ ಹೊಡೆದ. ಆಮೇಲೆ ರೋಸ್ ಬೌಲ್‌ನಲ್ಲಿ ಅಲಬಾಮಾವನ್ನು ಓವರ್‌ಟೈಮ್‌ನಲ್ಲಿ 27-20ಕ್ಕೆ, ಫೈನಲ್‌ನಲ್ಲಿ ವಾಷಿಂಗ್ಟನ್‌ನನ್ನು 34-13ಕ್ಕೆ ಸೋಲಿಸಿದೆವು. ಅಂದರೆ ನವೆಂಬರ್ ಕೊನೆಯಲ್ಲಿ ಲೈನ್ ಕಲೆಸಿಹೋದರೂ ಜನವರಿಯಲ್ಲಿ ಟ್ರೋಫಿ ಎತ್ತಬಹುದು.

ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಒಬ್ಬ ಹೋದ, ಸೆಂಟರ್ ಹಾಗೇ ಉಳಿದ. ಮಿಷಿಗನ್ ಲೈನ್ 2021 ಮತ್ತು 2022ರಲ್ಲಿ ದೇಶದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಗೆದ್ದಿತ್ತು, ಆ ಅಭ್ಯಾಸ ಮನೆಯಲ್ಲೇ ಬೆಳೆದಿತ್ತು. ನಿಮ್ಮಲ್ಲಿ ಹೋದವರು ಇಬ್ಬರು, ಅದರಲ್ಲಿ ಒಬ್ಬ ಸೆಂಟರ್.

ಇನ್ನೊಂದು ಮಾತು. ಆ ರೋಸ್ ಬೌಲ್‌ನಲ್ಲಿ ಅಲಬಾಮಾ ಸೆಂಟರ್ ಯಾರು? ಇದೇ ಮೆಕ್ಲಾಫ್ಲಿನ್. ಅವತ್ತು ಅವನ ಸ್ನ್ಯಾಪ್‌ಗಳು ಎಲ್ಲೆಲ್ಲೋ ಹೋದವು, ದೇಶವೆಲ್ಲ ಅವನನ್ನು ಬೈಯಿತು. ಅಲ್ಲಿಂದ ಒಂದೇ ವರ್ಷದಲ್ಲಿ ರಿಮಿಂಗ್ಟನ್. ಅವನಿಗೆ ನನ್ನ ಸಲಾಂ. ಸೆಂಟರ್ ಒಬ್ಬ ಬಿದ್ದಲ್ಲಿಂದ ಏಳಬಲ್ಲ ಅನ್ನುವುದಕ್ಕೆ ನಿಮ್ಮ ಕಣ್ಣೆದುರೇ ಸಾಕ್ಷಿ ಇದೆ. ಹಿಂಜ್‌ಮನ್ ವಿಷಯದಲ್ಲೂ ಅದನ್ನು ಮರೆಯಬೇಡಿ.

ಡಬ್ಲಿನ್_ದೀಪಾ · 16 ಡಿಸೆಂಬರ್

ಹಿಂಜ್‌ಮನ್ ಬಗ್ಗೆ ಹೇಳಿದ್ದು ಒಳ್ಳೆಯದಾಯಿತು. 2023ರಲ್ಲಿ ಇಡೀ ರೆಗ್ಯುಲರ್ ಸೀಸನ್ ಅವನೇ ಸೆಂಟರ್. ಆದರೆ ಕಾಟನ್ ಬೌಲ್‌ಗೆ ಬಂದಾಗ ಅವನನ್ನು ಕೂರಿಸಿ ಮ್ಯಾಥ್ಯೂ ಜೋನ್ಸ್‌ನನ್ನು ಸೆಂಟರ್ ಮಾಡಿದರು. ಮಿಸೌರಿ ಎದುರು 14-3ಕ್ಕೆ ಸೋತೆವು, ಇಡೀ ಆಟದಲ್ಲಿ ಮೂರೇ ಅಂಕ. ಆಮೇಲೆ ಅವನ ಜಾಗಕ್ಕೆ ಅಲಬಾಮಾದಿಂದ ಇನ್ನೊಬ್ಬನನ್ನು ತಂದರು.

ಈ ಕಾಲದಲ್ಲಿ ಹಾಗಾದರೆ ಹುಡುಗರು ಮಾರನೇ ದಿನ ಬೇರೆ ಕಾಲೇಜಿಗೆ ಹೊರಡುತ್ತಾರೆ. ಇವನು ಹೋಗಲಿಲ್ಲ. ಗಾರ್ಡ್ ಕಲಿತ. ಜಾಕ್ಸನ್ ಹೊರಗೆ ಸರಿದಾಗ ಎಡ ಗಾರ್ಡ್ ಆಡಿದ, ಮೆಕ್ಲಾಫ್ಲಿನ್ ಬಿದ್ದಾಗ ಸೆಂಟರ್‌ಗೆ ಬಂದ. ಅವನ ಬಗ್ಗೆ ನನಗೆ ಗೌರವ ಇದೆ. ಆದರೆ ಗೌರವ ಬೇರೆ, ಲೆಕ್ಕ ಬೇರೆ. ದೊಡ್ಡ ದೇಹದ ನೋಸ್ ಟ್ಯಾಕಲ್ (ಎದುರಾಳಿ ಲೈನ್‌ನ ನಟ್ಟನಡುವಿನವನು) ನೇರ ಎದುರೇ ನಿಂತಾಗ ಹಿಂಜ್‌ಮನ್ ಹಿಂದಕ್ಕೆ ಹೋಗುತ್ತಾನೆ. ಕಳೆದ ವರ್ಷವೂ ಹಾಗೇ ಇತ್ತು, ಈ ವರ್ಷ ಸ್ವಲ್ಪ ಕಡಿಮೆಯಾಗಿದೆ.

ನಾಕ್ಸ್‌ವಿಲ್_ನಾಗ · 17 ಡಿಸೆಂಬರ್

ಎದುರಾಳಿ ಊರಿನಿಂದ ನಮಸ್ಕಾರ. ಇಲ್ಲಿ ಕೆಲಸದಲ್ಲಿದ್ದೇನೆ, ಟೆನೆಸಿ ಆಟ ಒಂದನ್ನೂ ಬಿಡುವುದಿಲ್ಲ.

ನಮ್ಮ ಎಡ್ಜ್ ರಶರ್ (ತುದಿಯಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವನು) ಜೇಮ್ಸ್ ಪಿಯರ್ಸ್ ಜೂನಿಯರ್ ಹೆಸರು ನೀವು ಕೇಳಿರುತ್ತೀರಿ. ವೇಗ ಭಯಂಕರ. ಅವನು ಎರಡೂ ತುದಿಯಲ್ಲಿ ನಿಲ್ಲುತ್ತಾನೆ, ಹಾಗಾಗಿ ಜಾಕ್ಸನ್ ಒಬ್ಬನದೇ ತಲೆನೋವು ಅಂದುಕೊಳ್ಳಬೇಡಿ, ಫ್ರೈಯರ್ ಕೂಡ ಅವನನ್ನು ನೋಡಬೇಕು. ಹಗುರ ಕಾಲಿನ ಎಡ್ಜ್ ರಶರ್ ಎದುರು ಫ್ರೈಯರ್ ಕಷ್ಟಪಡುವುದನ್ನು ನಾನು ನೋಡಿದ್ದೇನೆ.

ಒಳಗೆ ಒಮಾರಿ ಥಾಮಸ್, ಬ್ರೈಸನ್ ಈಸನ್, ಒಮಾರ್ ನಾರ್ಮನ್-ಲಾಟ್ ಸರದಿಯ ಮೇಲೆ ಬರುತ್ತಾರೆ. ಗ್ರಹಾಂ, ಗ್ರಾಂಟ್ ಅಷ್ಟು ದೊಡ್ಡ ಹೆಸರು ಇವರದಲ್ಲ. ಆದರೆ ನಾಲ್ಕನೇ ಕ್ವಾರ್ಟರ್‌ನಲ್ಲೂ ಉಸಿರು ತುಂಬಿಕೊಂಡು ಬರುತ್ತಾರೆ. ನಿಮ್ಮ ಐವರಿಗೆ ಆ ಸೌಲಭ್ಯ ಇಲ್ಲ, ಅವರೇ ಕೊನೆತನಕ ನಿಲ್ಲಬೇಕು. ನಮ್ಮ ಎರಡು ಸೋಲು ಅರ್ಕಾನ್ಸಾ ಮತ್ತು ಜಾರ್ಜಿಯಾ ಎದುರು. ಎರಡೂ ಹೊರ ಊರಿನಲ್ಲಿ ಆದದ್ದು. ಅದನ್ನು ನಿಮಗೆ ಸಮಾಧಾನ ಅಂತ ಇಟ್ಟುಕೊಳ್ಳಿ.

ಲೈನ್_ಪ್ರೇಮಿ · 17 ಡಿಸೆಂಬರ್

ನಾಗ, ಉಪಕಾರ. ಹೊರ ಊರು ಅಂದಿರಿ, ಅದಕ್ಕೆ ಸೇರಿಸುತ್ತೇನೆ. ಲೈನ್ ವಿಷಯದಲ್ಲಿ ಮನೆಯಂಗಳದ ಲಾಭ ಬಹಳ ಜನಕ್ಕೆ ಗೊತ್ತಾಗುವುದಿಲ್ಲ.

ಯುಜೀನ್‌ನಲ್ಲಿ, ಪೆನ್ ಸ್ಟೇಟ್‌ನಲ್ಲಿ ಗದ್ದಲಕ್ಕೆ ಪಕ್ಕದವನ ಮಾತೂ ಕೇಳುವುದಿಲ್ಲ. ಆಗ ಕ್ವಾರ್ಟರ್‌ಬ್ಯಾಕ್ ಧ್ವನಿಗೆ ಬದಲು ಸನ್ನೆಯ ಮೇಲೆ ಸ್ನ್ಯಾಪ್. ಟ್ಯಾಕಲ್‌ಗಳು ಚೆಂಡನ್ನೇ ಓರೆಗಣ್ಣಿನಲ್ಲಿ ನೋಡುತ್ತಾ ಹೊರಡಬೇಕು. ಅಷ್ಟರಲ್ಲಿ ಎಡ್ಜ್ ರಶರ್ ಅರ್ಧ ಹೆಜ್ಜೆ ಮುಂದೆ ಹೋಗಿರುತ್ತಾನೆ. ಮನೆಯಲ್ಲಿ ನಮ್ಮ ಆಫೆನ್ಸ್ ಕಣದಲ್ಲಿದ್ದಾಗ ಲಕ್ಷ ಜನ ಬಾಯಿ ಮುಚ್ಚಿ ಕೂರುತ್ತಾರೆ. ಸೆಂಟರ್ ಲೈನ್‌ಬ್ಯಾಕರ್ ಕಡೆ ಬೆರಳು ತೋರಿಸಿ, ಯಾರು ಯಾರನ್ನು ಹಿಡಿಯಬೇಕು ಅಂತ ಕೂಗಿ ಹೇಳಬಹುದು. ಹೊಸ ಸೆಂಟರ್‌ಗೆ, ಹೊಸ ಗಾರ್ಡ್‌ಗಳಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಆದ್ದರಿಂದ ಕೊಲಂಬಸ್ ಮಂದಿಗೆ ಕೈಮುಗಿದು ಕೇಳುತ್ತೇನೆ. ಟೆನೆಸಿಯವರು ಟಿಕೆಟ್‌ಗಾಗಿ ಮುಗಿಬಿದ್ದಿದ್ದಾರೆ ಅನ್ನುವ ಮಾತಿದೆ. ನಿಮ್ಮ ಟಿಕೆಟ್ ಮಾರಬೇಡಿ. ನಮ್ಮ ಸೆಂಟರ್ ಧ್ವನಿ ಅವನ ಗಾರ್ಡ್‌ಗಳಿಗೆ ಕೇಳುವಂತಿರಲಿ.

ಮೂರನೇ_ಡೌನ್ · 17 ಡಿಸೆಂಬರ್

ಎಲ್ಲರ ಮಾತು ಓದಿದ ಮೇಲೆ ಕರೆಗಳ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟು ಇರುವುದು ಅಲ್ಲೇ.

ಮಿಷಿಗನ್ ಡಿಫೆನ್ಸ್‌ನ ಬಲ ನಟ್ಟನಡುವೆ ಇತ್ತು. ಇಬ್ಬರು ದೈತ್ಯರು ಅಲ್ಲೇ ನಿಂತಿದ್ದರು. ನಮ್ಮ ದುರ್ಬಲ ಜಾಗವೂ ಅದೇ ನಡು. ಆದರೂ ಮತ್ತೆ ಮತ್ತೆ ಟ್ಯಾಕಲ್‌ಗಳ ನಡುವೆಯೇ ಓಡಿದೆವು. ಹೊರಗೆ ಸ್ಮಿತ್, ಎಗ್ಬುಕಾ, ಟೇಟ್ ಕಾಯುತ್ತಿದ್ದರು. ಇದು ಲೈನ್‌ನ ತಪ್ಪಾ? ಕೆಟ್ಟ ಕಡೆಗೆ ಕಳಿಸಿದವರದ್ದಲ್ವಾ? ಈ ವರ್ಷ ಕರೆಯನ್ನು ಮುಖ್ಯ ಕೋಚ್ ರಯಾನ್ ಡೇ ಅವರು ಆಫೆನ್ಸ್ ಕೋಚ್ ಚಿಪ್ ಕೆಲಿ ಅವರಿಗೆ ಬಿಟ್ಟುಕೊಟ್ಟಿದ್ದಾರೆ. ಒರೆಗಾನ್‌ನಲ್ಲಿದ್ದಾಗ ಓಟದ ಆಟಕ್ಕೆ ಹೊಸ ರೂಪ ಕೊಟ್ಟ ಮನುಷ್ಯ ಅವರು. ಅವರಿಗೆ ಇದು ಗೊತ್ತಿಲ್ಲ ಅನ್ನಲಾಗುವುದಿಲ್ಲ. ಆ ಒಂದು ಆಟದಲ್ಲಿ ಮಾತ್ರ, "ನಾವು ಗಟ್ಟಿ" ಅಂತ ತೋರಿಸುವ ಹಟ ಬುದ್ಧಿಯನ್ನು ತಿಂದುಹಾಕಿತು ಅಂತ ನನಗೆ ಅನ್ನಿಸುತ್ತದೆ.

ಟೆನೆಸಿ ಎದುರು ಬೇಕಾದದ್ದು ಓಟ ಬಿಡುವುದಲ್ಲ, ಕ್ರಮ ತಿರುಗಿಸುವುದು. ಮೊದಲು ಪಾಸ್, ಅದೂ ಬೇಗ ಕೈಬಿಡುವ ಪಾಸ್. ನಮ್ಮ ಕ್ವಾರ್ಟರ್‌ಬ್ಯಾಕ್ ವಿಲ್ ಹೊವರ್ಡ್ ಎರಡು-ಎರಡೂವರೆ ಸೆಕೆಂಡ್‌ಗೆ ಚೆಂಡು ಬಿಟ್ಟರೆ ಪಿಯರ್ಸ್ ಎಷ್ಟು ವೇಗವಾಗಿ ಬಂದರೂ ಅವನಿಗೆ ಸಿಗುವುದು ಗಾಳಿ. ಡಿಫೆನ್ಸ್ ಹಿಂದೆ ಸರಿದು, ಪೆಟ್ಟಿಗೆಯಲ್ಲಿ (ನಮ್ಮ ಲೈನ್ ಎದುರಿನ ಜಾಗ) ಆರೇ ಜನ ಉಳಿದಾಗ ಓಡಬೇಕು. ಐವರು ಲೈನ್, ಲೈನ್ ತುದಿಯಲ್ಲಿ ನಿಂತು ತಡೆಯುವ ಒಬ್ಬ ಟೈಟ್ ಎಂಡ್. ಎಣಿಕೆ ಸರಿಯಾಯಿತು.

ಇನ್ನು ಹೆಂಡರ್ಸನ್. ಓಟದಷ್ಟೇ ಚೆನ್ನಾಗಿ ಅವನು ಬ್ಲಿಟ್ಜ್ (ಎದುರಾಳಿ ಹೆಚ್ಚು ಜನರನ್ನು ನುಗ್ಗಿಸುವುದು) ತಡೆಯುತ್ತಾನೆ. ಓಡಿ ಬರುತ್ತಿರುವ ಲೈನ್‌ಬ್ಯಾಕರ್ ಎದೆಗೇ ಹೋಗಿ ನಿಲ್ಲುತ್ತಾನೆ, ಕಾಲಿಗೆ ಬಿದ್ದು ಜಾರಿಕೊಳ್ಳುವುದಿಲ್ಲ. ಮೂರನೇ ಡೌನ್‌ನಲ್ಲಿ (ಹತ್ತು ಯಾರ್ಡ್ ಗಳಿಸಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು) ಅವನೇ ಹೊವರ್ಡ್ ಪಕ್ಕದಲ್ಲಿರಬೇಕು. ಅವನಿದ್ದರೆ ಗಾರ್ಡ್‌ಗಳಿಗೆ ತಮ್ಮ ಎದುರಿನವನನ್ನು ನೋಡಿದರೆ ಸಾಕು.

ಡಬ್ಲಿನ್_ದೀಪಾ · 18 ಡಿಸೆಂಬರ್

ಕರೆ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಬೇಗ ಬಿಡುವ ಪಾಸ್‌ಗೂ ಒಂದು ಬೆಲೆ ಇದೆ. ಎದುರಾಳಿ ಒಳಗಿನಿಂದ ಒತ್ತಡ ತಂದರೆ ಹೊವರ್ಡ್ ಮುಖದ ಮುಂದೆಯೇ ಕೈ ಬರುತ್ತದೆ. ಹೊರಗಿನ ಒತ್ತಡಕ್ಕೆ ಕ್ವಾರ್ಟರ್‌ಬ್ಯಾಕ್ ಒಂದು ಹೆಜ್ಜೆ ಮುಂದೆ ಬಂದು ತಪ್ಪಿಸಿಕೊಳ್ಳಬಹುದು. ಒಳಗಿನ ಒತ್ತಡಕ್ಕೆ ಎಲ್ಲಿಗೆ ಹೋಗುತ್ತಾನೆ?

ನನಗೆ ಹೆಚ್ಚು ಹೆದರಿಕೆ ಸ್ಟಂಟ್ ಬಗ್ಗೆ. ಅಪ್ಪ ಅವರಿಗಾಗಿ ಬಿಡಿಸಿ ಹೇಳುತ್ತೇನೆ. ಎದುರಿನ ಇಬ್ಬರು ಒಬ್ಬರ ಹಿಂದೆ ಒಬ್ಬರು ಅಡ್ಡ ಹಾಯ್ದು ಜಾಗ ಬದಲಿಸಿಕೊಂಡು ನುಗ್ಗುತ್ತಾರೆ. ಆಗ ನಮ್ಮ ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಬಿಟ್ಟುಕೊಟ್ಟು, ಟ್ಯಾಕಲ್ ಕಡೆಯಿಂದ ಬಂದವನನ್ನು ಹಿಡಿಯಬೇಕು. ಗಾರ್ಡ್ ತನ್ನವನ ಹಿಂದೆಯೇ ಹೋದರೆ ಹೆಬ್ಬಾಗಿಲು ತೆರೆದ ಹಾಗೆ. ಶಬೋಲಾ ದೊಡ್ಡ ಮನುಷ್ಯ, ನೇರ ಬಂದವನನ್ನು ತಡೆಯುತ್ತಾನೆ. ಆದರೆ ಹೀಗೆ ಅಡ್ಡ ಹಾಯ್ದಾಗ ಕಣ್ಣು ತಡವಾಗಿ ತಿರುಗುತ್ತದೆ. ಬಲಗಡೆ ಶಬೋಲಾ-ಫ್ರೈಯರ್ ನಡುವಿನ ಸಂದಿಯನ್ನೇ ಟೆನೆಸಿ ಹುಡುಕುತ್ತದೆ ಅನ್ನುವುದು ನನ್ನ ಅಂದಾಜು. ಆ ಕಡೆಗೆ ಟೈಟ್ ಎಂಡ್ ವಿಲ್ ಕಾಕ್ಮರೆಕ್‌ನನ್ನು ಇಟ್ಟರೆ ಫ್ರೈಯರ್ ಒಳಗೆ ನೋಡಬಹುದು.

ಮೂರನೇ_ಡೌನ್ · 18 ಡಿಸೆಂಬರ್

ಕಾಕ್ಮರೆಕ್ ಬಲಗಡೆ: ನೂರಕ್ಕೆ ನೂರು ಒಪ್ಪಿಗೆ. ಬಲಗಡೆ ಚಿಂತೆ ನನ್ನ ಮೊದಲ ಬರಹದಲ್ಲಿ ಇರಬೇಕಾದಷ್ಟು ಇರಲಿಲ್ಲ, ನೀವು ಸೇರಿಸಿದ್ದರಿಂದ ಚರ್ಚೆಗೆ ಬಲ ಬಂತು.

ದಾವಣಗೆರೆ_ಅಪ್ಪ · 19 ಡಿಸೆಂಬರ್

ನಿಮ್ಮ ಮಾತು ಕೇಳಿ ಮಿಷಿಗನ್ ಆಟವನ್ನು ಮತ್ತೆ ಹಾಕಿಕೊಂಡು ಸೆಂಟರ್ ಹೆಲ್ಮೆಟ್ ಮಾತ್ರ ನೋಡಿದೆ. ಬೇರೆಯೇ ಆಟ ಕಂಡಂತಾಯಿತು. ಹಲವು ಸಲ ಹೆಲ್ಮೆಟ್ ಗೆರೆಯ ಮೇಲೇ ನಿಂತುಬಿಡುತ್ತದೆ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಅದಕ್ಕೆ ಏನನ್ನಬೇಕು?

ಇನ್ನೊಂದು ಪ್ರಶ್ನೆ. ಮೂರು ವಾರ ಅಭ್ಯಾಸ ಅಂದಿರಿ. ಮಗಳು ಹೇಳುತ್ತಾಳೆ, ಈಗ ಅಲ್ಲಿ ಪರೀಕ್ಷೆ ಮುಗಿದು ಕ್ಯಾಂಪಸ್ ಖಾಲಿ ಅಂತ. ಹುಡುಗರು ಇಡೀ ದಿನ ಆಡುತ್ತಾರೆಯೇ?

ಲೈನ್_ಪ್ರೇಮಿ · 19 ಡಿಸೆಂಬರ್

ಗೆರೆಯ ಮೇಲೆ ನಿಂತರೆ ಅದು ಎದುರಾಳಿಗೆ ಲಾಭ. ಓಟಗಾರನಿಗೆ ದಾರಿ ಬೇಕು, ಡಿಫೆನ್ಸ್‌ಗೆ ಬರೀ ರಾಶಿ ಸಾಕು.

ಪೂರ್ತಿ ಹೊಡೆದಾಟದ ಅಭ್ಯಾಸ ಈ ಹೊತ್ತಿನಲ್ಲಿ ಕಡಿಮೆ ಇರುತ್ತದೆ, ಇರುವ ಕೆಲವೇ ಜನಕ್ಕೆ ಪೆಟ್ಟಾದರೆ ಕಷ್ಟ. ಇಬ್ಬರನ್ನು ಕಳೆದುಕೊಂಡ ಗುಂಪು ಇದು, ಅದರಲ್ಲಿ ಒಬ್ಬ ಹೋದದ್ದು ಪ್ರಾಕ್ಟೀಸ್‌ನಲ್ಲೇ. ಆದರೆ ಲೈನ್‌ಗೆ ಬೇಕಾದ ಅರ್ಧ ಕೆಲಸ ಹೊಡೆದಾಟ ಇಲ್ಲದೆಯೂ ಆಗುತ್ತದೆ. ಹೆಜ್ಜೆ, ಕೈ, ಕರೆ, ಸ್ಟಂಟ್ ಬಂದಾಗ ಬಿಟ್ಟುಕೊಡುವುದು, ಎದುರಾಳಿ ವಿಡಿಯೋ ನೋಡುವುದು. ನಮ್ಮವರಿಗೆ ಇನ್ನೊಂದು ಅನುಕೂಲ: ಪ್ರಾಕ್ಟೀಸ್‌ನಲ್ಲಿ ಎದುರಿಗೆ ನಿಲ್ಲುವವರು ಜ್ಯಾಕ್ ಸಾಯರ್, ಜೆಟಿ ಟುಯಿಮೊಲೊವಾವು, ಟೈಲೀಕ್ ವಿಲಿಯಮ್ಸ್, ಟೈ ಹ್ಯಾಮಿಲ್ಟನ್. ಅದಕ್ಕಿಂತ ಒಳ್ಳೆಯ ಗರಡಿ ಎಲ್ಲಿದೆ?

ನೀಲಿ_ಹಳದಿ · 19 ಡಿಸೆಂಬರ್

ಗಾರ್ಡ್ ಜಾಗದ ಬಗ್ಗೆ ಒಂದು ಮಾತು. ಮೂವರನ್ನು ಸರದಿಯ ಮೇಲೆ ಆಡಿಸುವುದು ನನಗೆ ಇಷ್ಟವಿಲ್ಲ. ಡಿಫೆನ್ಸ್‌ನಲ್ಲಿ ಸರದಿ ಸರಿ. ಆಫೆನ್ಸಿವ್ ಲೈನ್‌ನಲ್ಲಿ ಪ್ರತಿ ಸಲ ಪಕ್ಕದವನು ಬದಲಾದರೆ ಸೆಂಟರ್‌ಗೆ ಯಾರ ಭುಜದ ಭಾರ ನಂಬಬೇಕು ಅನ್ನುವುದೇ ತಿಳಿಯುವುದಿಲ್ಲ. ಇಬ್ಬರನ್ನು ಆರಿಸಿ, ಬಿಟ್ಟುಬಿಡಿ.

ಡಬ್ಲಿನ್_ದೀಪಾ · 20 ಡಿಸೆಂಬರ್

ಇಲ್ಲಿ ನಾನು ನಿಮಗೆ ವಿರುದ್ಧ. ಮಾಂಟ್ಗೊಮರಿ, ಸೀರ್‌ವೆಲ್ಡ್ ಇಬ್ಬರೂ ಚಿಕ್ಕವರು, ಇಬ್ಬರೂ ಓಹಾಯೋ ಹುಡುಗರು, ಇಬ್ಬರಿಗೂ ಇಷ್ಟು ದೊಡ್ಡ ಆಟ ಹೊಸದು. ಒಬ್ಬ ಎಡವಿದರೆ ಇನ್ನೊಬ್ಬ ಬಿಸಿಯಾಗಿ ತಯಾರಿರಬೇಕು. ಈ ಚಳಿಯಲ್ಲಿ ಎರಡು ಗಂಟೆ ಬೆಂಚಿನಲ್ಲಿ ಕೂತವನು ಒಮ್ಮೆಲೇ ಎದ್ದು ಬಂದು ಟೆನೆಸಿಯವರನ್ನು ತಡೆಯಲು ಆಗುತ್ತದೆಯೇ?

ನಾಕ್ಸ್‌ವಿಲ್ ಕಡೆಯವರಿಗೆ ಶುಭವಾಗಲಿ, ಆದರೆ ಶನಿವಾರ ಬಿಟ್ಟು. ಮೂರನೇ_ಡೌನ್, ಒಂದೇ ಲೆಕ್ಕ ಕೊಡಿ. ಲೈನ್ ಸರಿಹೋಗಿದೆ ಅಂತ ನೀವು ಯಾವಾಗ ಒಪ್ಪುತ್ತೀರಿ? ನೂರು ಯಾರ್ಡ್ ಓಟ? ನೂರೈವತ್ತು?

ಮೂರನೇ_ಡೌನ್ · 20 ಡಿಸೆಂಬರ್

ಒಟ್ಟು ಯಾರ್ಡ್ ನೋಡುವುದಿಲ್ಲ. ಹೆಂಡರ್ಸನ್ ಒಂದು ಸಲ ಅರವತ್ತು ಓಡಿದರೆ ಆ ಲೆಕ್ಕ ಸುಳ್ಳು ಹೇಳುತ್ತದೆ.

ನಾನು ನೋಡುವುದು ಮೊದಲ ಡೌನ್ ಓಟ. ಅದರಲ್ಲಿ ಹೆಚ್ಚಿನವು ನಾಲ್ಕು ಯಾರ್ಡ್ ಮುಟ್ಟಬೇಕು. ಮುಂದೆ ಬಾಕಿ ಉಳಿಯುವುದು ಆರು. ಆಗ ಪಿಯರ್ಸ್‌ಗೆ ಓಟವೋ ಪಾಸೋ ಗೊತ್ತಾಗುವುದಿಲ್ಲ, ಕಿವಿ ಹಿಂದಕ್ಕೆ ಮಾಡಿಕೊಂಡು ನುಗ್ಗಲು ಆಗುವುದಿಲ್ಲ, ಜಾಕ್ಸನ್‌ಗೂ ಫ್ರೈಯರ್‌ಗೂ ಅರ್ಧ ಸೆಕೆಂಡ್ ಸಿಗುತ್ತದೆ. ಮೊದಲ ಡೌನ್‌ನಲ್ಲಿ ಒಂದು ಯಾರ್ಡ್ ಬಂದು ಇನ್ನೂ ಒಂಬತ್ತು ಉಳಿದರೆ ಎಂತಹ ಲೈನ್ ಆದರೂ ಕಷ್ಟವೇ. ಮಿಷಿಗನ್ ಎದುರು ನಾವು ಸಿಕ್ಕಿಕೊಂಡದ್ದು ಅಲ್ಲೇ.

ಗಾರ್ಡ್ ವಿಷಯದಲ್ಲಿ ನಾನು ನೀಲಿ_ಹಳದಿ ಕಡೆ. ಬಲಕ್ಕೆ ಶಬೋಲಾ, ಎಡಕ್ಕೆ ಮಾಂಟ್ಗೊಮರಿ, ಪೆಟ್ಟಾಗದ ಹೊರತು ಬದಲಾವಣೆ ಬೇಡ. ಮೊದಲ ಎರಡು ಸರಣಿಯಲ್ಲಿ ಮೊದಲ ಡೌನ್‌ನಲ್ಲಿ ಚೆಂಡು ಹೊರಗೆ ಹೋಯಿತಾ, ನಡುವೆ ಹೋಯಿತಾ ಅಂತ ನೋಡಿ. ನಡುವೆ ಹೋಗಿ ಹಿಂಜ್‌ಮನ್ ಹೆಲ್ಮೆಟ್ ಗೆರೆ ದಾಟಿದ್ದರೆ ನಾವು ರೋಸ್ ಬೌಲ್ ನಡೆಯುವ ಪ್ಯಾಸಡೀನಾಗೆ ಹೋಗುತ್ತೇವೆ ಅಂತ ನನ್ನ ನಂಬಿಕೆ.